ವಸತಿ ಯೋಜನೆಯ ಮನೆಗಳಿಗೆ ಹಗಲು ಬೆಳಕು: ನಿರ್ಮಾಣಕ್ಕೆ ಮೊದಲೇ ಗಮನಿಸಬೇಕಾದ ಅಂಶಗಳು

ಗ್ರಾಮೀಣ ವಸತಿ ಯೋಜನೆಗಳಡಿ ನಿರ್ಮಾಣವಾಗುವ ಮನೆಗಳ ಅಳತೆ ಕಿರಿದು. ಪ್ರಧಾನಮಂತ್ರಿ ಆವಾಸ್ ಯೋಜನೆಯ (ಗ್ರಾಮೀಣ) ಮಾರ್ಗಸೂಚಿಯಂತೆ ಅಡುಗೆಯ ಸ್ಥಳವೂ ಸೇರಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ನಿವೇಶನ ಇಕ್ಕಟ್ಟಾಗಿದ್ದು, ಎರಡು ಬದಿಯ ಗೋಡೆಗಳು ನೆರೆಮನೆಗಳಿಗೆ ತಾಗಿದ್ದರೆ, ಮುಂಬಾಗಿಲು ಮತ್ತು ಅದರ ಪಕ್ಕದ ಒಂದು ಕಿಟಕಿಯೇ ಬೆಳಕಿನ ದಾರಿಯಾಗಿ ಉಳಿಯುತ್ತದೆ. ಆಗ ಹಿಂಬದಿಯ ಅಡುಗೆಕೋಣೆಯಲ್ಲಿ ನಡುಹಗಲಿನಲ್ಲೂ ದೀಪ ಬೇಕಾಗುತ್ತದೆ.

ಈ ಕೊರತೆಯ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಹಗಲಿನಲ್ಲಿ ಹೆಚ್ಚು ಹೊತ್ತು ಒಳಗಿರುವವರು ಅಡುಗೆ ಮಾಡುವ ಮಹಿಳೆಯರು, ಬಾಣಂತಿಯರು, ಹಸುಳೆಗಳು ಹಾಗೂ ವೃದ್ಧರು. ಸೌದೆ ಒಲೆಯ ಮನೆಯಲ್ಲಿ ಕಿಟಕಿ ಇಲ್ಲವಾದರೆ ಹೊಗೆಯೂ ಒಳಗೇ ನಿಲ್ಲುತ್ತದೆ. ಕ್ಷಯರೋಗವು ಗಾಳಿಯ ಮೂಲಕ ಹರಡುವುದರಿಂದ, ಗಾಳಿಯಾಡದ ಕೋಣೆಯಲ್ಲಿ ರೋಗಿಯೊಡನೆ ವಾಸಿಸುವವರಿಗೆ ಸೋಂಕಿನ ಅಪಾಯ ಅಧಿಕ. ಕ್ಷಯಮುಕ್ತವಾಗಲು ಶ್ರಮಿಸುತ್ತಿರುವ ಪಂಚಾಯತಿಗಳಿಗೆ ಕಿಟಕಿಯೂ ಆರೋಗ್ಯದ ವಿಷಯವೇ ಆಗಿದೆ.

ಹಿಂದಿನ ಕ್ರಮ

ಹಳೆಯ ಮನೆಗಳಲ್ಲಿ ಇದಕ್ಕೆ ಪರಿಹಾರವಿತ್ತು. ತೊಟ್ಟಿ ಮನೆಗಳಲ್ಲಿ ನಡುವಿನ ಅಂಗಳವು ಸುತ್ತಲಿನ ಕೋಣೆಗಳಿಗೆ ಬೆಳಕು ನೀಡುತ್ತಿತ್ತು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮಳೆ ಬಂದಾಗ ಮುಚ್ಚಬಹುದಾದ ಬೆಳಕಿಂಡಿ ಇರುತ್ತಿತ್ತು. ಹೆಂಚಿನ ಮನೆಗಳಲ್ಲಿ ಅಲ್ಲಲ್ಲಿ ಒಂದೆರಡು ಗಾಜಿನ ಹೆಂಚು ಹೊದಿಸುವ ರೂಢಿ ಇಂದಿಗೂ ಇದೆ.

ಕಿಟಕಿಯ ಅಳತೆ ಮತ್ತು ಸ್ಥಾನ

ಬಾಗಿಲನ್ನು ಬಿಟ್ಟು, ಬೆಳಕು-ಗಾಳಿಯ ತೆರಪಿನ ಒಟ್ಟು ವಿಸ್ತೀರ್ಣವು ಒಣ ಉಷ್ಣ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗಕ್ಕೂ, ತೇವಭರಿತ ಉಷ್ಣ ಪ್ರದೇಶದಲ್ಲಿ ಆರನೇ ಒಂದು ಭಾಗಕ್ಕೂ ಕಡಿಮೆ ಇರಬಾರದೆಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾನದಂಡ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಗೆ ಇದು ಕ್ರಮವಾಗಿ 12 ಹಾಗೂ 20 ಚದರ ಅಡಿಯಾಗುತ್ತದೆ. ಒಂದೇ ದೊಡ್ಡ ಕಿಟಕಿಗಿಂತ ಎದುರುಬದುರು ಗೋಡೆಗಳಲ್ಲಿ ಎರಡು ಕಿಟಕಿಗಳಿದ್ದರೆ ಗಾಳಿ ಹಾಯುತ್ತದೆ, ಬೆಳಕೂ ಸಮವಾಗಿ ಹರಡುತ್ತದೆ. ಕಿಟಕಿಯ ಮೇಲಂಚು ಎತ್ತರದಲ್ಲಿದ್ದಷ್ಟೂ ಬೆಳಕು ಕೋಣೆಯ ಒಳಭಾಗದವರೆಗೆ ತಲುಪುತ್ತದೆ.

ಉತ್ತರ ಹಾಗೂ ದಕ್ಷಿಣದ ಕಿಟಕಿಗಳಿಗೆ ಸಜ್ಜೆ ಹಾಕಿದರೆ ಬಿಸಿಲಿನ ಝಳ ತಡೆಯಬಹುದು. ಪಶ್ಚಿಮದ ಸಂಜೆ ಬಿಸಿಲು ಓರೆಯಾಗಿ ಬೀಳುವುದರಿಂದ ಸಜ್ಜೆಯಿಂದ ತಡೆಯಲಾಗದು. ಆ ಬದಿಯ ಕಿಟಕಿ ಚಿಕ್ಕದಿರುವುದು ಲೇಸು. ಒಳಗೋಡೆಗೆ ಬಿಳಿ ಸುಣ್ಣ ಬಳಿದರೆ ಬಂದ ಬೆಳಕು ಪ್ರತಿಫಲಿಸಿ ಕೋಣೆ ಮತ್ತಷ್ಟು ಬೆಳಗುತ್ತದೆ.

ಛಾವಣಿಯ ಬೆಳಕಿಂಡಿ

ಮೂರು ಬದಿಯೂ ಮುಚ್ಚಿರುವ ಮನೆಗೆ ಛಾವಣಿಯ ಬೆಳಕಿಂಡಿಯೇ ದಾರಿ. ಶೀಟಿನ ಛಾವಣಿಯಾದರೆ ಒಂದು ಪಾರದರ್ಶಕ ಶೀಟು ಸಾಕಾಗಬಹುದು. ಆರ್‌ಸಿಸಿ ಛಾವಣಿಯಾದರೆ ಕಾಂಕ್ರೀಟ್ ಹಾಕುವ ಮೊದಲೇ ತೆರಪು ಬಿಡಬೇಕು. ಅದರ ಸುತ್ತ ಹೆಚ್ಚುವರಿ ಕಬ್ಬಿಣ ಇಡುವ ಬಗ್ಗೆ ಇಂಜಿನಿಯರರ ಸಲಹೆ ಪಡೆಯಬೇಕು. ಮಳೆನೀರು ಇಳಿಯದಂತೆ ಅಂಚಿಗೆ ಕಟ್ಟೆ ಕಟ್ಟಿ, ಗಾಜಿನ ಮುಚ್ಚಳವನ್ನು ಓರೆಯಾಗಿ ಕೂರಿಸಿ, ಮುಚ್ಚಳದ ಕೆಳಗೆ ಸರಳುಗಳನ್ನು ಅಳವಡಿಸುವುದು ಸುರಕ್ಷಿತ. ಕಟ್ಟಿ ಮುಗಿದ ಛಾವಣಿಯನ್ನು ಒಡೆದು ಬೆಳಕಿಂಡಿ ಮಾಡುವಾಗ ಕಬ್ಬಿಣ ತುಂಡಾದರೆ ಛಾವಣಿಯೇ ದುರ್ಬಲವಾಗುತ್ತದೆ.

ಸದಸ್ಯರ ಪಾತ್ರ

ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ (ಗ್ರಾಮೀಣ) ಗುತ್ತಿಗೆದಾರರಿಗೆ ಅವಕಾಶವಿಲ್ಲ. ಫಲಾನುಭವಿಯೇ ಮನೆ ಕಟ್ಟಿಸಿಕೊಳ್ಳಬೇಕು. ಆದುದರಿಂದ ಕಿಟಕಿ ಎಲ್ಲಿರಬೇಕೆಂಬ ನಿರ್ಧಾರವೂ ಆ ಕುಟುಂಬದ್ದೇ. ಸಹಾಯಧನ ಸೀಮಿತವಾಗಿರುವಾಗ ಖರ್ಚು ಉಳಿಸಲು ಮೊದಲು ಕೈಬಿಡುವುದು ಹಿಂಬದಿಯ ಕಿಟಕಿಯನ್ನೇ ಆದರೆ, ಅದರ ಫಲವನ್ನು ಕುಟುಂಬ ಮುಂದಿನ ಹಲವು ದಶಕ ಅನುಭವಿಸಬೇಕಾಗುತ್ತದೆ. ಬಾಗಿಲು-ಕಿಟಕಿ ಕೊಳ್ಳಲು ಹಣ ಸಾಲದಿದ್ದರೂ ಲಿಂಟೆಲ್ ಹಾಕಿಸಿ ತೆರಪು ಬಿಟ್ಟು, ಇಟ್ಟಿಗೆಯ ಜಾಲಿ ಕಟ್ಟಿಸಿದರೆ ಬೆಳಕು, ಗಾಳಿ ಎರಡೂ ದೊರೆಯುತ್ತವೆ; ಕಿಟಕಿಯನ್ನು ಅನುಕೂಲವಾದಾಗ ಕೂರಿಸಬಹುದು.

ಕಾರ್ಯಾದೇಶ ನೀಡುವ ದಿನ ಫಲಾನುಭವಿಯೊಡನೆ, ವಿಶೇಷವಾಗಿ ಮನೆಯ ಮಹಿಳೆಯರೊಡನೆ, ನಕ್ಷೆಯನ್ನು ಒಮ್ಮೆ ಚರ್ಚಿಸುವುದು, ಗೋಡೆ ಲಿಂಟೆಲ್ ಮಟ್ಟಕ್ಕೆ ಏರುವ ಮೊದಲು ಸ್ಥಳಕ್ಕೆ ಭೇಟಿ ನೀಡಿ ತೆರಪುಗಳನ್ನು ಗಮನಿಸುವುದು, ಈ ಎರಡು ಕೆಲಸಗಳನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ಕೈಗೊಳ್ಳಬಹುದು. ಇದಕ್ಕೆ ಪ್ರತ್ಯೇಕ ಅನುದಾನದ ಅಗತ್ಯವಿಲ್ಲ. ಸಕಾಲದಲ್ಲಿ ಹೇಳಿದ ಒಂದು ಮಾತು ಸಾಕು.