ಸೊನ್ನೆ ಬಂತು, ಆಮೇಲೆ?

ಪಿಯುಸಿಯಲ್ಲಿ ಡಿರೈವೇಟಿವ್ ಸೊನ್ನೆಯಾದರೆ ಶಿಖರವೋ ತಗ್ಗೋ ಎಂದು ನೋಡಿದರೆ ಸಾಮಾನ್ಯವಾಗಿ ಲೆಕ್ಕ ಮುಗಿಯುತ್ತಿತ್ತು. ಡಿಗ್ರಿಯಲ್ಲಿ ಚರಾಕ್ಷರಗಳು ಎರಡಾದವು, ಆ ನೆಮ್ಮದಿ ಹೋಯಿತು.

ಎಕ್ಸ್ ವರ್ಗದಿಂದ ವೈ ವರ್ಗ ಕಳೆಯಿರಿ. ಮೂಲಬಿಂದುವಿನಲ್ಲಿ ಎರಡೂ ಪಾರ್ಷಿಯಲ್ ಡಿರೈವೇಟಿವ್‌ಗಳು ಸೊನ್ನೆ. ಆದರೂ ಅಲ್ಲಿಂದ ಎಕ್ಸ್ ದಿಕ್ಕಿನಲ್ಲಿ ಎತ್ತ ಹೋದರೂ ಏರು, ವೈ ದಿಕ್ಕಿನಲ್ಲಿ ಎತ್ತ ಹೋದರೂ ಇಳಿಜಾರು! ಥೇಟ್ ಕುದುರೆಯ ಜೀನು. ಅದಕ್ಕೇ ಹೆಸರು ಸ್ಯಾಡಲ್ ಪಾಯಿಂಟ್.

ಎರಡನೇ ಡಿರೈವೇಟಿವ್‌ಗಳ ಪರೀಕ್ಷೆಯಲ್ಲಿ -4 ಬರುತ್ತದೆ. ಋಣ ಸಂಖ್ಯೆ, ಹಾಗಾಗಿ ಸ್ಯಾಡಲ್ ಎಂದು ಬರೆದರೆ ಅಂಕ ಸಿಗುತ್ತದೆ, ನಿಜ. ಆದರೆ ಡೇಟಾ ಸೈನ್ಸ್ ಸಂದರ್ಶನದಲ್ಲಿ ‘ಗ್ರೇಡಿಯಂಟ್ ಡಿಸೆಂಟ್ ಇಂಥ ಕಡೆ ಯಾಕೆ ನಿಧಾನವಾಗುತ್ತದೆ?’ ಎಂದು ಕೇಳಿದರೆ ಬಾಯಿಪಾಠ ಕೈಕೊಡುತ್ತದೆ. ಸುತ್ತಲಿನ ನೆಲವೇ ಹೆಚ್ಚುಕಡಿಮೆ ಸಮತಟ್ಟು, ಇಳಿಯುವ ಹೆಜ್ಜೆ ಚಿಕ್ಕದಾಗುತ್ತದೆ ಎನ್ನಲು ಆ ಆಕಾರ ಕಣ್ಣಮುಂದೆ ಬರಬೇಕು. ಒಂದು ಪ್ರಿಂಗಲ್ಸ್ ಚಿಪ್ಸ್ ತೆಗೆದುಕೊಂಡು ಅದರ ನಡುವೆ ಬೆರಳಿಟ್ಟು ನೋಡಿ, ತಿನ್ನುವ ಮುಂಚೆ.