ನಿಂತ ಕಾರಿನ ಉಸಿರು

ಮೋಟಾರು ಕಾರು ಓಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಆದರೆ ಅದು ನಿಂತಿರುವಾಗಲೂ ಎಂಜಿನು ತನ್ನಷ್ಟಕ್ಕೆ ಮೆಲ್ಲಗೆ ನಡೆಯುತ್ತಿರುವುದನ್ನು ಗಮನಿಸಿದವರು ವಿರಳ. ಮೆಕ್ಯಾನಿಕರು ಇದನ್ನು ‘ಐಡ್ಲಿಂಗ್’ ಎನ್ನುತ್ತಾರೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದನ್ನು ಕಲಿಸಿದ್ದು ನಮ್ಮ ಮನೆಯ ಹಳೆಯ ಪ್ರೀಮಿಯರ್ ಪದ್ಮಿನಿ.

ಕಳೆದ ದಸರೆಯ ರಜೆಯಲ್ಲಿ, ಕಾರು ನಿಲ್ಲಿಸಿದಾಗಲೆಲ್ಲ ಎಂಜಿನು ಆರಿಹೋಗುತ್ತಿತ್ತು. ನಾನು ಬಾನೆಟ್ಟು ಎತ್ತಿ, ಕಾರ್ಬುರೇಟರಿನ ಸ್ಪೀಡ್ ಸ್ಕ್ರೂವನ್ನು ಎರಡು ಸುತ್ತು ಬಿಗಿ ಮಾಡಿದೆ. ಎಂಜಿನು ಜೋರಾಗಿ ಮೊರೆಯಿತು; ಆರುವುದೂ ತಪ್ಪಿತು. ಮರುದಿನ ಅಪ್ಪ ನಮ್ಮೆಲ್ಲರನ್ನೂ ಕೂರಿಸಿಕೊಂಡು ಆಗುಂಬೆ ಘಟ್ಟ ಇಳಿಯುವಾಗ ನನ್ನ ಜಾಣತನದ ಫಲ ತಿಳಿಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರಿನ ಓಟ ತಗ್ಗಲೊಲ್ಲದು. ತಿರುವು ತಿರುವಿಗೂ ಬ್ರೇಕು ಒತ್ತಿ ಸುಟ್ಟ ವಾಸನೆ ಬಂತು, ಹಿಡಿತ ಸಡಿಲಾಯಿತು. ಅಪ್ಪ ಗೇರು ಇಳಿಸಿ, ಹೇಗೋ ಬದಿಗೆ ತಂದು ನಿಲ್ಲಿಸಿದರು. ಅಮ್ಮ ತಂಗಿಯ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಊರಿಗೆ ಮರಳಿದ ಮೇಲೆ ಮೇಸ್ತ್ರಿ ನೋಡಿ, “ಸ್ಪೀಡು ಏರಿಸಿ ರೋಗ ಮುಚ್ಚಿದ್ದೀಯ ಕಣಪ್ಪ, ವಾಸಿ ಮಾಡಿಲ್ಲ” ಎಂದರು.

ವಿಷಯ ಇಷ್ಟೆ. ಆಕ್ಸಿಲರೇಟರು ಒತ್ತದಿರುವಾಗ ಕಾರ್ಬುರೇಟರಿನೊಳಗಿನ ಥ್ರಾಟಲ್ ಎಂಬ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಆಗ ದೊಡ್ಡ ಜೆಟ್ಟಿನಿಂದ ಪೆಟ್ರೋಲನ್ನು ಸೆಳೆಯುವಷ್ಟು ಗಾಳಿಯ ವೇಗವಿರುವುದಿಲ್ಲ. ಬಾಗಿಲಿನ ಕೆಳಗಿರುವ ಒಂದು ಸಣ್ಣ ರಂಧ್ರವೇ ಎಂಜಿನಿಗೆ ಆಹಾರ ನೀಡಬೇಕು. 1 ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ನಿಮಿಷಕ್ಕೆ 800 ಸುತ್ತಿನಂತೆ ತಿರುಗಿದರೂ ನಾಲ್ಕು ಸಿಲಿಂಡರುಗಳಲ್ಲಿ ಒಟ್ಟು 1600 ಸಲ ಉರಿ ಹತ್ತಬೇಕು. ನಮ್ಮ ಕಾರಿನಲ್ಲಿ ಐಡಲ್ ಜೆಟ್ಟಿಗೆ ಕಸ ಕೂತು ಪೆಟ್ರೋಲು ಸಾಲದಾಗಿತ್ತು. ನಾನು ಬಾಗಿಲನ್ನು ಅಗಲಿಸಿದ್ದೆನೇ ಹೊರತು ಕಸ ತೆಗೆದಿರಲಿಲ್ಲ.

ಮೇಸ್ತ್ರಿ ಜೆಟ್ಟನ್ನು ಊದಿ ಶುದ್ಧಮಾಡಿ, ಉಳಿದ ಕೆಲಸ ನನ್ನಿಂದಲೇ ಮಾಡಿಸಿದರು. ಮೊದಲು ಪ್ಲಗ್ಗು, ಪಾಯಿಂಟು ಸರಿಯಿರಬೇಕು. ಗೇರು ನ್ಯೂಟ್ರಲಿನಲ್ಲಿ, ಹ್ಯಾಂಡ್‌ಬ್ರೇಕು ಬಿಗಿಯಾಗಿ, ಚೋಕು ಪೂರ್ತಿ ಒಳಗೆ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟಿಸಿ, ಸುಮಾರು ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಬೇಕು. ಬಲವಾಗಿ ಬಿಗಿದರೆ ಅದರ ಸೂಜಿಮೊನೆ ಕೆಡುತ್ತದೆ. ಎಂಜಿನು ಚೆನ್ನಾಗಿ ಬಿಸಿಯಾದ ಮೇಲೆ ಆ ಸ್ಕ್ರೂವನ್ನು ಸ್ವಲ್ಪ ಸ್ವಲ್ಪ ಒಳಕ್ಕೆ ತಿರುಗಿಸಿದರೆ ಪೆಟ್ರೋಲು ಕಡಿಮೆಯಾಗಿ ಎಂಜಿನು ತಡವರಿಸುತ್ತದೆ. ಹೊರಕ್ಕೆ ಹೆಚ್ಚಾದರೆ ಕುಂಟುತ್ತ, ಕಪ್ಪು ಹೊಗೆ ಬಿಡುತ್ತದೆ. ಇವೆರಡರ ನಡುವೆ ಅತಿ ಚುರುಕಾಗಿ, ಒಂದೇ ಸಮನೆ ನಡೆಯುವ ಸ್ಥಾನವೇ ಸರಿಯಾದುದು. ಆಮೇಲೆ ಸ್ಪೀಡ್ ಸ್ಕ್ರೂ ಸಡಿಲಿಸಿ ವೇಗ ಇಳಿಸಬೇಕು. ಒಂದನ್ನು ಮುಟ್ಟಿದರೆ ಮತ್ತೊಂದು ಕದಲುವುದರಿಂದ ಎರಡು ಮೂರು ಸಲ ಹೀಗೆಯೇ ಮಾಡಬೇಕು. ಇದೆಲ್ಲವೂ ಬಯಲಿನಲ್ಲಿ ನಡೆಯಬೇಕು. ಮುಚ್ಚಿದ ಷೆಡ್ಡಿನಲ್ಲಿ ಈ ಹೊಗೆಯ ಕಾರ್ಬನ್ ಮಾನಾಕ್ಸೈಡು ವಾಸನೆಯನ್ನೂ ಕೊಡದೆ ಪ್ರಾಣ ತೆಗೆಯಬಲ್ಲದು.

ಈಗಿನ ಹೊಸ ಕಾರುಗಳಲ್ಲಿ ಕಾರ್ಬುರೇಟರೇ ಇಲ್ಲ. ಈ ಲೆಕ್ಕವನ್ನೆಲ್ಲ ಗಣಕವೇ ನೋಡಿಕೊಳ್ಳುತ್ತದೆ. ಹಳೆಯ ಕಾರಿನಲ್ಲಿ ನಮ್ಮ ಕಿವಿಯೇ ಗಣಕ.

ಸಂಕ್ರಾಂತಿಗೆ ಅದೇ ಘಟ್ಟವನ್ನು ಮತ್ತೆ ಇಳಿದೆವು. ಹೊರಡುವ ಮುನ್ನ ಅಪ್ಪ ಎಂಜಿನು ಹಚ್ಚಿ, ಒಂದು ನಿಮಿಷ ಕಿವಿಗೊಟ್ಟು ಕೇಳಿ, ನನ್ನತ್ತ ನೋಡಿ ತಲೆಯಾಡಿಸಿದರು. ಅಮ್ಮ ದಾರಿಯುದ್ದಕ್ಕೂ ನಿದ್ದೆ ಮಾಡಿದರು.