ಎದೆನೋವು, ಗ್ಯಾಸ್ಟ್ರಿಕ್ ಮತ್ತು ಕಳೆದುಹೋಗುವ ಆರು ಗಂಟೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಅದಾದ ಕೆಲವೇ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಬಂದವರ ಸಾಲು ಬೆಳೆಯಿತು. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬರತೊಡಗಿದಾಗ ಬೆಂಗಳೂರು, ಮೈಸೂರು ಎರಡೂ ಕಡೆಯ ಜಯದೇವದಲ್ಲಿ ಮತ್ತೆ ಅದೇ ನೂಕುನುಗ್ಗಲು. ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ ವಿಚಾರಿಸಿ, ಹಾಸನದಲ್ಲಿ ಇಂಥ ಸಾವುಗಳು ಹಿಂದಿಗಿಂತ ಏರಿಲ್ಲ ಎಂದು ವರದಿ ಕೊಟ್ಟಿತು. ಕೋವಿಡ್ ಲಸಿಕೆಯಿಂದಲೇ ಹೀಗಾಗುತ್ತಿದೆ ಎಂಬ ಮಾತಿಗೂ ಆಧಾರ ಸಿಗಲಿಲ್ಲ.

ಹೆದರಿ ಪರೀಕ್ಷೆ ಮಾಡಿಸಿಕೊಂಡವರನ್ನು ನಾನು ದೂರುವುದಿಲ್ಲ. ನನಗೆ ಸಂಕಟವಾಗುವುದು ಇನ್ನೊಂದು ಕಾರಣಕ್ಕೆ. ಏನೂ ತೊಂದರೆ ಇಲ್ಲದವರು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುವಾಗ, ನಿಜವಾಗಿ ಎದೆ ಹಿಡಿದುಕೊಂಡವರು ಮನೆಯಲ್ಲಿ ಸೋಡಾ ಕುಡಿದು, ಓಮದ ನೀರು ಕುಡಿದು, ಬೆಳಿಗ್ಗೆ ನೋಡೋಣ ಎಂದು ಮಲಗಿರುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮುಂದೆ ನಿಂತು ನಡೆಸಿದ ‘ಕ್ರಿಯೇಟ್’ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ದೇಶದ 50 ನಗರಗಳ 89 ಆಸ್ಪತ್ರೆಗಳಿಗೆ ಹೃದಯಾಘಾತ ಮತ್ತು ಅದರಂಥ ತುರ್ತು ತೊಂದರೆಯಿಂದ ಬಂದ 20,000ಕ್ಕೂ ಹೆಚ್ಚು ರೋಗಿಗಳ ಲೆಕ್ಕ ಅದರಲ್ಲಿದೆ. ನೋವು ಶುರುವಾಗಿ ಆಸ್ಪತ್ರೆ ತಲುಪಲು ಹಿಡಿದ ಮಧ್ಯಮ ಅವಧಿ 360 ನಿಮಿಷ. ಅಂದರೆ ಅರ್ಧದಷ್ಟು ರೋಗಿಗಳು ಬಂದದ್ದು ಆರು ಗಂಟೆ ಕಳೆದ ಮೇಲೆ. ಹೃದಯದ ರಕ್ತನಾಳ ಪೂರ್ತಿ ಮುಚ್ಚಿದರೆ ಅರ್ಧ ಗಂಟೆಯ ಹೊತ್ತಿಗೆ ಸ್ನಾಯು ಸಾಯಲು ತೊಡಗುತ್ತದೆ. ಆರು ಗಂಟೆಯಲ್ಲಿ ಆ ಭಾಗದ ಬಹುಪಾಲು ಹೋಗಿರುತ್ತದೆ, ಮತ್ತೆ ಬೆಳೆಯುವುದಿಲ್ಲ.

ಆದ್ದರಿಂದ ಹೃದಯದ ಬಗ್ಗೆ ನಮ್ಮಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚು ಜೀವ ತೆಗೆಯುವುದು ಎಣ್ಣೆಯದೂ ಅಲ್ಲ, ತುಪ್ಪದ್ದೂ ಅಲ್ಲ.

“ಇದು ಬರೀ ಗ್ಯಾಸ್ಟ್ರಿಕ್”

ಈ ಮಾತಿನಲ್ಲಿ ದಡ್ಡತನವೇನಿಲ್ಲ. ಹೃದಯದಿಂದ ಮತ್ತು ಅನ್ನನಾಳದಿಂದ ನೋವಿನ ಸುದ್ದಿ ಒಯ್ಯುವ ನರಗಳು ಬೆನ್ನುಹುರಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸೇರುತ್ತವೆ. ನೋವು ಎಲ್ಲಿಂದ ಬಂತು ಎಂದು ಮೆದುಳಿಗೇ ಗೊತ್ತಾಗುವುದಿಲ್ಲ. ಹೃದಯದ ಕೆಳಗೋಡೆಗೆ ಪೆಟ್ಟಾದಾಗ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ವಾಕರಿಕೆ, ವಾಂತಿ ಬರುವುದು ಸಾಮಾನ್ಯ. ರಾತ್ರಿ ಊಟವಾದ ಮೇಲೆ ಹೀಗಾದರೆ ತಿಂದದ್ದನ್ನೇ ಯಾರಾದರೂ ದೂರುತ್ತಾರೆ.

ತೇಗು ಬಂದು ಹಗುರಾಯಿತು, ಆಸಿಡಿಟಿ ಮಾತ್ರೆ ನುಂಗಿದ ಮೇಲೆ ಕಡಿಮೆಯಾಯಿತು, ಹಾಗಾಗಿ ಹೃದಯದ್ದಲ್ಲ ಎಂಬ ತರ್ಕವೂ ನಿಲ್ಲುವುದಿಲ್ಲ. ಹೆಪ್ಪು ಕಟ್ಟುತ್ತಾ ಕರಗುತ್ತಾ ಇರುವ ಹಂತದಲ್ಲಿ ಹೃದಯದ ನೋವು ತಾನಾಗಿಯೇ ಬಂದು ಹೋಗಿ ಮಾಡುತ್ತದೆ. ಎದೆಯ ನಡುವೆ ಹಿಂಡಿದಂತೆ, ಭಾರ ಹೇರಿದಂತೆ, ಉರಿದಂತೆ ಅನ್ನಿಸಿ ಹದಿನೈದು ನಿಮಿಷವಾದರೂ ಬಿಡದಿದ್ದರೆ, ಅದು ದವಡೆಗೆ, ತೋಳಿಗೆ, ಬೆನ್ನಿಗೆ ಹಬ್ಬಿದರೆ, ತಣ್ಣನೆ ಬೆವರು ಬಂದರೆ, ಗ್ಯಾಸ್ಟ್ರಿಕ್ ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕಾದದ್ದು ಇಸಿಜಿ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ವಿಪರೀತ ಸುಸ್ತು, ವಾಕರಿಕೆ ಕಾಣಿಸಬಹುದು. ಮನೆಯ ಹೆಂಗಸು “ಯಾಕೋ ಕೈಕಾಲೇ ಬರ್ತಿಲ್ಲ” ಎಂದರೆ ಕೆಲಸದ ಆಯಾಸ ಎಂದು ಎಲ್ಲರೂ, ಅವಳೂ ಸೇರಿ, ತೀರ್ಮಾನಿಸಿಬಿಡುವುದು ನಮ್ಮ ಮನೆಗಳ ದೊಡ್ಡ ಅಪಾಯ.

ಮೊದಲ ಇಸಿಜಿ ಸರಿಯಾಗಿದೆ ಎಂದಾಕ್ಷಣ ಎದ್ದು ಬರಬಾರದು. ಆಘಾತದ ಆರಂಭದಲ್ಲಿ ಇಸಿಜಿಯಲ್ಲಿ ಏನೂ ಕಾಣದಿರಬಹುದು. ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಕೂಡ ಏರಲು ಕೆಲವು ಗಂಟೆ ಬೇಕು. ಸ್ವಲ್ಪ ಹೊತ್ತು ಇರಿ, ಮತ್ತೊಮ್ಮೆ ತೆಗೆಯೋಣ ಎಂದು ವೈದ್ಯರು ಹೇಳುವುದು ಇದಕ್ಕೇ.

ಇದರ ಬೆನ್ನಿಗೇ ಬರುವ ಇನ್ನೊಂದು ತಪ್ಪು, ಹೋದರೆ ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂಬುದು. ತಾಲ್ಲೂಕಿನಿಂದ ನೇರ ಬೆಂಗಳೂರಿಗೆ ಕಾರು ಹತ್ತಿಸಿ ಮೂರ್ನಾಲ್ಕು ಗಂಟೆ ರಸ್ತೆಯಲ್ಲಿ ಕಳೆಯುತ್ತಾರೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಹೆಚ್ಚು ಕೆಲಸ ಮಾಡುವುದು ಮೊದಲ ಮೂರು ಗಂಟೆಯೊಳಗೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಅಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಚುಚ್ಚುಮದ್ದು ಪಡೆದು ಆಮೇಲೆ ದೊಡ್ಡ ಆಸ್ಪತ್ರೆಗೆ ಹೋಗುವುದೇ ಸರಿಯಾದ ಕ್ರಮ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ.

ನೋವು ಬಂದವರು ತಾವೇ ಗಾಡಿ ಓಡಿಸಬಾರದು. 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಒಗ್ಗದವರು, ರಕ್ತಸ್ರಾವದ ತೊಂದರೆ ಇರುವವರನ್ನು ಬಿಟ್ಟರೆ ಉಳಿದವರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗುವುದು ಒಳ್ಳೆಯದು. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಹಾಗಲ್ಲ. ವೈದ್ಯರು ಮೊದಲೇ ಬರೆದುಕೊಡದಿದ್ದರೆ ಅದನ್ನು ಮುಟ್ಟಬೇಡಿ, ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಏನೂ ಕಾಯಿಲೆ ಇಲ್ಲದವರು ಮುನ್ನೆಚ್ಚರಿಕೆ ಎಂದು ದಿನವೂ ಆಸ್ಪಿರಿನ್ ನುಂಗುವುದೂ ತಪ್ಪು. 2018ರಲ್ಲಿ ಬಂದ ದೊಡ್ಡ ಅಧ್ಯಯನಗಳಲ್ಲಿ ಅಂಥವರಿಗೆ ಲಾಭ ಅಲ್ಪ, ರಕ್ತಸ್ರಾವದ ಅಪಾಯ ಹೆಚ್ಚು ಎಂದು ಕಂಡುಬಂತು.

“ಹೋದ ತಿಂಗಳಷ್ಟೇ ಚೆಕಪ್ ಮಾಡಿಸಿದ್ದರು, ಎಲ್ಲ ನಾರ್ಮಲ್ ಇತ್ತು”

ಸಾವಿನ ಮನೆಯಲ್ಲಿ ಈ ಮಾತು ಕೇಳಿದಾಗ ವೈದ್ಯಕೀಯದ ಮೇಲೇ ನಂಬಿಕೆ ಹೋಗುತ್ತದೆ. ಆದರೆ ವರದಿ ಸುಳ್ಳು ಹೇಳಿರಲಿಕ್ಕಿಲ್ಲ. ಹೃದಯಾಘಾತ ಎಂದರೆ ರಕ್ತನಾಳ ವರ್ಷಗಟ್ಟಲೆ ನಿಧಾನವಾಗಿ ಕಟ್ಟಿಕೊಂಡು ಒಂದು ದಿನ ಪೂರ್ತಿ ಮುಚ್ಚಿಹೋಗುವುದು ಎಂದು ನಾವು ಭಾವಿಸಿದ್ದೇವೆ. ಬಹಳ ಸಲ ಆಗುವುದು ಹಾಗಲ್ಲ. ನಾಳದ ಗೋಡೆಯೊಳಗೆ ಕೊಬ್ಬು ಸೇರಿ ಆದ ಗಡ್ಡೆಯ ತೆಳು ಪೊರೆ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಿಮಿಷಗಳಲ್ಲಿ ದಾರಿ ಮುಚ್ಚುತ್ತದೆ. ಹಿಂದಿನ ದಿನ ಆ ಗಡ್ಡೆ ಅರ್ಧ ದಾರಿಯನ್ನೂ ಅಡ್ಡಗಟ್ಟಿರದಿರಬಹುದು. ಟ್ರೆಡ್‌ಮಿಲ್ ಪರೀಕ್ಷೆ ಹಿಡಿಯುವುದು ರಕ್ತದ ಹರಿವಿಗೆ ತಡೆಯಾಗುವಷ್ಟು ದೊಡ್ಡ ಅಡಚಣೆಯನ್ನು. ಒಡೆಯಲು ಕಾದಿರುವ ಸಣ್ಣ ಗಡ್ಡೆ ಅದಕ್ಕೆ ಕಾಣುವುದಿಲ್ಲ.

ಇದು ಅರ್ಥವಾದರೆ ಸ್ಟೆಂಟ್‌ನ ಲೆಕ್ಕವೂ ಅರ್ಥವಾಗುತ್ತದೆ. ಆಘಾತ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಏರು ಹತ್ತಿದಾಗ ಮಾತ್ರ ನೋವು ಬರುವ, ಸ್ಥಿರವಾಗಿರುವ ಕಾಯಿಲೆಯಲ್ಲಿ ಒಳ್ಳೆಯ ಔಷಧಕ್ಕಿಂತ ಸ್ಟೆಂಟ್ ಹೆಚ್ಚು ಆಯುಸ್ಸು ಕೊಡುವುದಿಲ್ಲ ಎಂದು 2007ರ ‘ಕರೇಜ್’, 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನಗಳು ತೋರಿಸಿದವು. ನೋವು ಕಡಿಮೆ ಮಾಡುತ್ತದೆ, ಅದಕ್ಕಾಗಿ ಹಾಕಿಸಿಕೊಳ್ಳುವುದು ಸರಿ. ಸ್ಟೆಂಟ್ ಒಂದು ಜಾಗವನ್ನು ತೆರೆಯುತ್ತದೆ, ಗಡ್ಡೆಗಳು ಹತ್ತಾರು ಕಡೆ ಇರುತ್ತವೆ. “ಸ್ಟೆಂಟ್ ಆಯ್ತಲ್ಲ” ಎಂದು ಮಾತ್ರೆ ಬಿಡುವವರು ಇದನ್ನು ಗಮನಿಸಬೇಕು. ನಿಂಬೆ, ಶುಂಠಿ, ಬೆಳ್ಳುಳ್ಳಿ, ಸೇಬಿನ ವಿನೆಗರ್ ಕಾಯಿಸಿ ಜೇನು ಸೇರಿಸಿ ಕುಡಿದರೆ ಬ್ಲಾಕ್ ಕರಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಕಷಾಯಕ್ಕೆ ಆಧಾರವಿಲ್ಲ. ಕುಡಿದರೆ ಹಾನಿ ಕಡಿಮೆ. ಅದನ್ನು ನಂಬಿ ಔಷಧ ನಿಲ್ಲಿಸಿದರೆ ಹಾನಿ ಬಹಳ.

“ನಾವು ಸಸ್ಯಾಹಾರಿಗಳು, ತೆಳ್ಳಗಿದ್ದೇವೆ, ಇನ್ನೂ ವಯಸ್ಸಾಗಿಲ್ಲ”

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಮುಖ್ಯಸ್ಥ ಸಲೀಂ ಯೂಸುಫ್ ಓದಿದ್ದು ಸೇಂಟ್ ಜಾನ್ಸ್‌ನಲ್ಲೇ. ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇಕಡಾ 90ರಷ್ಟು ಪಾಲು ಅಳೆಯಬಹುದಾದ, ಬದಲಾಯಿಸಬಹುದಾದ ಒಂಬತ್ತು ಸಂಗತಿಗಳಿಂದ ಬರುತ್ತದೆ ಎಂದು ಅದು ಹೇಳಿತು. ತಂಬಾಕು, ಕೊಬ್ಬಿನಂಶದ ಏರುಪೇರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಅವುಗಳಲ್ಲಿ ಪ್ರಮುಖ. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಬರುವ ಮಧ್ಯಮ ವಯಸ್ಸು 53, ಉಳಿದ ದೇಶಗಳಲ್ಲಿ 59ರ ಹತ್ತಿರ ಎಂಬುದೂ ಅದರಿಂದಲೇ ತಿಳಿಯಿತು. ತೋಳು ಸಣ್ಣಗಿದ್ದು ಹೊಟ್ಟೆ ಮುಂದೆ ಬಂದ ಮೈಕಟ್ಟನ್ನು ತೆಳ್ಳಗಿರುವುದು ಎಂದು ಲೆಕ್ಕ ಹಾಕಲಾಗದು.

ಮಾಂಸ ಬಿಟ್ಟವರು ಬೀಡಿ, ಗುಟ್ಕಾ ಬಿಟ್ಟಿರಬೇಕೆಂದಿಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಪದೇ ಪದೇ ಕಾದ ಎಣ್ಣೆಯ ಬೋಂಡ ಎಲ್ಲವೂ ಸಸ್ಯಾಹಾರವೇ. ಎಣ್ಣೆ ಪ್ಯಾಕೆಟ್ಟಿನ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಸಾಲು ಕಡಲೆಕಾಯಿ, ಸೂರ್ಯಕಾಂತಿ, ಕೊಬ್ಬರಿ ಯಾವ ಎಣ್ಣೆಗಾದರೂ ನಿಜ. ಗಿಡದಿಂದ ಬಂದದ್ದರಲ್ಲಿ ಅದು ಇರುವುದೇ ಇಲ್ಲವೆನ್ನಬಹುದು. ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬು. ಕೊಬ್ಬರಿ ಎಣ್ಣೆಯಲ್ಲಿ ಅದು ಶೇಕಡಾ 80 ದಾಟುತ್ತದೆ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಹಾಗಾಗಿ ದಿನಕ್ಕೆ 5 ಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅದಕ್ಕೂ ಸಲ್ಲುತ್ತದೆ.

ಬಿಪಿ ಮಾತ್ರೆಯ ಬಗ್ಗೆ ಎರಡು ಮಾತು. ತಲೆಸುತ್ತು ಬಂದಾಗ ಮಾತ್ರ ಬಿಪಿ ಹೆಚ್ಚಾಗಿರುತ್ತದೆ ಎಂದುಕೊಂಡು, ಚೆನ್ನಾಗಿದ್ದ ದಿನ ಮಾತ್ರೆ ಬಿಡುವವರು ಪ್ರತಿ ಊರಲ್ಲೂ ಇದ್ದಾರೆ. 160/100 ಇರುವವರಿಗೂ ಬಹುತೇಕ ಏನೂ ಅನ್ನಿಸುವುದಿಲ್ಲ. “ಒಮ್ಮೆ ಶುರು ಮಾಡಿದರೆ ಅಭ್ಯಾಸವಾಗಿಬಿಡುತ್ತದೆ” ಎಂಬ ಭಯಕ್ಕೂ ಅರ್ಥವಿಲ್ಲ. ಜೀವನಪೂರ್ತಿ ಇರುವುದು ಕಾಯಿಲೆ, ಅದಕ್ಕೇ ಮಾತ್ರೆ ಮುಂದುವರಿಯುತ್ತದೆ.

ವ್ಯಾಯಾಮದ ಬಳಿಕ ಅಸ್ವಸ್ಥರಾದ ಪುನೀತ್ ಅವರ ಸಾವಿನ ನಂತರ ಜಿಮ್ಮಿಗೆ ಹೋಗುವುದೇ ಅಪಾಯ ಎಂಬ ಮಾತು ಹಬ್ಬಿತು. ಕಡೂರಿನಿಂದ ಕಾರವಾರದವರೆಗೆ ಎಷ್ಟೋ ಹುಡುಗರ ಮನೆಯವರು ವ್ಯಾಯಾಮ ಬಿಡಿಸಿರಬಹುದು. ನಿತ್ಯ ಮೈ ಬಗ್ಗಿಸದವರು ಒಮ್ಮೆಲೇ ವಿಪರೀತ ಶ್ರಮ ಮಾಡಿದಾಗ ಆ ಹೊತ್ತಿನಲ್ಲಿ ಅಪಾಯ ಏರುವುದು ನಿಜ. ಆದರೆ ನಿಯಮಿತ ವ್ಯಾಯಾಮ ಅದೇ ಅಪಾಯವನ್ನು ತಗ್ಗಿಸುತ್ತದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ನಡೆಯುವಾಗ ಎದೆ ಬಿಗಿದರೆ ನಿಲ್ಲಿ, ವೈದ್ಯರನ್ನು ಕಾಣಿ.

“ಜೋರಾಗಿ ಕೆಮ್ಮಿದರೆ ಹೃದಯ ಮತ್ತೆ ಬಡಿಯುತ್ತದೆ”

ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಕೆಮ್ಮುತ್ತಲೇ ಇರಿ ಎಂಬ ಸಂದೇಶ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇಮೇಲ್‌ನಿಂದ ಮೊಬೈಲ್‌ಗೆ ಹರಿದು ಬಂದಿದೆ. ಇದರ ಮೂಲ 1976ರ ಒಂದು ವೈದ್ಯಕೀಯ ವರದಿ. ಆಂಜಿಯೋಗ್ರಾಂ ಮಾಡುವ ಕೊಠಡಿಯಲ್ಲಿ, ಮಾನಿಟರ್ ಎದುರು, ವೈದ್ಯರು ಹೇಳಿದ ಕ್ಷಣಕ್ಕೆ ಕೆಮ್ಮಿದ ರೋಗಿಗಳು ಸ್ವಲ್ಪ ಹೊತ್ತು ಪ್ರಜ್ಞೆ ಉಳಿಸಿಕೊಂಡಿದ್ದರು. ಹೊರಗೆ ಅದು ಕೆಲಸಕ್ಕೆ ಬಾರದು. ಆಘಾತವಾಗಿ ಎಚ್ಚರವಿರುವವರ ಹೃದಯ ಬಡಿಯುತ್ತಲೇ ಇರುತ್ತದೆ, ಕೆಮ್ಮಿನಿಂದ ಏನೂ ಆಗದು. ಹೃದಯ ನಿಂತವರು ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತಾರೆ, ಅವರಿಂದ ಕೆಮ್ಮಲಾಗದು.

ಬಿದ್ದವರನ್ನು ಉಳಿಸಬೇಕಾದದ್ದು ಪಕ್ಕದಲ್ಲಿರುವವರು. ಕರೆದರೆ ಓಗೊಡದಿದ್ದರೆ, ಉಸಿರು ಕಾಣದಿದ್ದರೆ ಅಥವಾ ಬಿಟ್ಟು ಬಿಟ್ಟು ಏದುತ್ತಿದ್ದರೆ, ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರು ಮಾಡಲಿ. ಎದೆಯ ನಟ್ಟನಡುವೆ ಅಂಗೈ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ನೀರು ಕುಡಿಸಬೇಡಿ, ಕೂರಿಸಬೇಡಿ. ಪಕ್ಕೆಲುಬು ಮುರಿದೀತೆಂದು ಕೈ ಹಗುರ ಮಾಡಬೇಡಿ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸುತ್ತಾ ಆಂಬುಲೆನ್ಸ್ ಬರುವವರೆಗೆ ಒತ್ತುತ್ತಲೇ ಇರಿ.